ತೊಳೆದ ಹಾಲಿನ ಕವರ್ ಕಾಂಪ್ಯಾಕ್ಟರ್‌ಗೆ ಬೀಳದಿರಲಿ: ಬೆಂಗಳೂರಿನ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಕಸ ಬೇರ್ಪಡಿಸದ ಮನೆಗಳಿಗೆ ದಂಡ ಹಾಕಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ದಂಡಕ್ಕೆ ನಮ್ಮ ತಕರಾರಿಲ್ಲ. ಅದಕ್ಕೂ ಮೊದಲು ನಿಮ್ಮ ಕ್ಷೇತ್ರದ ಆಟೋ ಟಿಪ್ಪರ್‌ಗಳೊಳಗೆ ಒಮ್ಮೆ ಇಣುಕಿ ನೋಡಿ. ಹಸಿಕಸದ ಮೇಲೆಯೇ ಒಣಕಸವೂ ಬೀಳುತ್ತಿದ್ದರೆ ಮನೆಯಲ್ಲಿ ಪಟ್ಟ ಶ್ರಮ ಗೇಟಿನಾಚೆಗೇ ಮುಗಿಯಿತು.

2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ 'ಎರಡು ಬುಟ್ಟಿ, ಒಂದು ಚೀಲ' ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿಕಸಕ್ಕೆ ಹಸಿರು ಬುಟ್ಟಿ, ಪ್ಯಾಡ್-ಡಯಾಪರ್‌ಗಳಿಗೆ ಕೆಂಪು, ಒಣಕಸಕ್ಕೆ ಚೀಲ. ಚೀಲದೊಳಗಿನದು ನಿಜಕ್ಕೂ ಒಣಗಿರಬೇಕು, ಗುಟ್ಟೆಲ್ಲ ಅಷ್ಟೇ. ಹಾಲಿನ ಕವರನ್ನೇ ನೋಡಿ. ತುದಿಯನ್ನು ಪೂರ್ತಿ ಕತ್ತರಿಸಿ ಬಿಸಾಡಿದರೆ ಆ ಚೂರು ವಿಂಗಡಿಸುವವರ ಕೈಗೆ ಸಿಗದೆ ಮೋರಿ ಸೇರುತ್ತದೆ. ತುದಿ ಕವರಿಗೇ ಅಂಟಿಕೊಂಡಿರುವಂತೆ ಸೀಳಿ, ಪಾತ್ರೆ ತೊಳೆಯುವಾಗಲೇ ಒಮ್ಮೆ ಜಾಲಾಡಿಸಿ ಒಣಗಿಸಿದರೆ ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ. ತೊಳೆಯದಿದ್ದರೆ ಎರಡೇ ದಿನದಲ್ಲಿ ನಾತ, ಹುಳ. ಎಣ್ಣೆ ಕುಡಿದ ರಟ್ಟಿನದೂ ಅದೇ ಕಥೆ: ಕಾಗದದ ಕಾರ್ಖಾನೆಯಲ್ಲಿ ನೀರಲ್ಲಿ ಕಲಸಿದರೂ ಜಿಡ್ಡು ನಾರನ್ನು ಬಿಡುವುದಿಲ್ಲ.

ಟಿಪ್ಪರ್‌ಗಳ ಕಸವನ್ನು ಒತ್ತಿ ತುಂಬಿಕೊಳ್ಳುವ ದೊಡ್ಡ ಲಾರಿ, ಅಂದರೆ ಕಾಂಪ್ಯಾಕ್ಟರ್, ಎಲ್ಲವನ್ನೂ ಒಟ್ಟಿಗೆ ಹಿಂಡುತ್ತದೆ. ಸಾರಿನ ರಸ ಕಾಗದಕ್ಕೆ ಇಳಿಯುತ್ತದೆ, ಒಡೆದ ಗಾಜು ತರಕಾರಿ ಸಿಪ್ಪೆಯಲ್ಲಿ ಹೂತುಹೋಗುತ್ತದೆ. ಅಲ್ಲಿಂದ ಮುಂದೆ ರಟ್ಟೂ ಇಲ್ಲ, ಗೊಬ್ಬರವೂ ಇಲ್ಲ. ಗುಡ್ಡೆಯೊಳಗೆ ಗಾಳಿಯಾಡದೆ ಕೊಳೆತದ್ದು ಮೀಥೇನ್ ಆಗಿ ಮೇಲೇರುತ್ತದೆ, ಕಪ್ಪು ರಸವಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ನಗರದ ಕಸ ಸುರಿಯುತ್ತಿದ್ದ ಮಂಡೂರು ಗ್ರಾಮದವರು 2014ರಲ್ಲಿ ಇನ್ನು ಸಾಕು ಎಂದು ಎದ್ದು ನಿಂತದ್ದು ಸುಮ್ಮನೆ ಅಲ್ಲ.

ಇನ್ನು ಹಣದ ಮಾತು. ಒಣಕಸ ಸಂಗ್ರಹ ಕೇಂದ್ರಗಳನ್ನು ಸಾಕುವುದು ಪೆಟ್ ಬಾಟಲಿ, ರಟ್ಟು, ಹಾಲಿನ ಕವರ್, ಲೋಹದ ಡಬ್ಬಿ. ಚಿಪ್ಸ್ ಪೊಟ್ಟಣದಲ್ಲಿ ಪ್ಲಾಸ್ಟಿಕ್ಕಿಗೆ ಅಂಟಿದ ಅಲ್ಯೂಮಿನಿಯಂ ಲೇಪವನ್ನು ಬಿಡಿಸುವುದು ದುಬಾರಿ. ಹೆಚ್ಚೆಂದರೆ ಅದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲು. ಥರ್ಮಾಕೋಲ್ ಬಹುಪಾಲು ಗಾಳಿಯೇ. ಗಾಡಿ ತುಂಬಿದರೂ ತಕ್ಕಡಿ ಕದಲುವುದಿಲ್ಲ. ಬೆಲೆಬಾಳುವುದನ್ನು ಕಸದ ಗಾಡಿಯವರು ದಾರಿಯಲ್ಲೇ ಆಯ್ದುಕೊಂಡರೆ ಕೇಂದ್ರಕ್ಕೆ ತಲುಪುವುದು ಇವೆರಡೇ, ವಿಂಗಡಿಸುವ ಹೆಂಗಸರ ಕೂಲಿಗೆ ಕತ್ತರಿ. ಆಯ್ದುಕೊಂಡವರನ್ನು ಬೈದು ಫಲವಿಲ್ಲ, ಅವರ ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತಿದೆಯೇ ಎಂದು ಮೊದಲು ವಿಚಾರಿಸಿ.

ನಾವು ಕೇಳುವುದು ಇಷ್ಟು. ಹಸಿಕಸಕ್ಕೆ ದಿನವೂ ಗಾಡಿ ಬರಲಿ. ಒಣಕಸಕ್ಕೆ ವಾರದಲ್ಲಿ ಗೊತ್ತಾದ ಎರಡು ದಿನ ಬೇರೆಯದೇ ಗಾಡಿ. ಆ ದಿನ ತಪ್ಪಬಾರದು. ಒಂದು ವಾರ ತಪ್ಪಿದರೆ ಸಣ್ಣ ಮನೆಯವರು ಚೀಲ ಇಡಲು ಜಾಗವಿಲ್ಲದೆ ಹಸಿಕಸದ ಬುಟ್ಟಿಗೇ ಸುರಿಯುತ್ತಾರೆ, ಮತ್ತೆ ಅಭ್ಯಾಸ ಹಿಡಿಸಲು ತಿಂಗಳುಗಟ್ಟಲೆ ಬೇಕು. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಪ್ಲಾಸ್ಟಿಕ್ಕಿಗೆ ಕೇಂದ್ರಗಳಿಗೆ ಕಿಲೋ ಲೆಕ್ಕದಲ್ಲಿ ಹಣ ಕೊಡಿಸಿ. ಒತ್ತಿ ಕಟ್ಟುವ ಬೇಲಿಂಗ್ ಯಂತ್ರ ಪ್ರತಿ ಕೇಂದ್ರದಲ್ಲೂ ಇರಲಿ, ಸಡಿಲ ಮೂಟೆ ಸಾಗಿಸುವ ಲಾರಿ ಬಾಡಿಗೆಯಲ್ಲೇ ಲಾಭ ಕರಗುತ್ತದೆ. ಮಳೆಗಾಲಕ್ಕೆ ಮುಂಚೆ ಸೋರುವ ಚಾವಣಿಗಳನ್ನು ಸರಿಪಡಿಸಿ. ಪ್ರತಿ ತಿಂಗಳು ವಾರ್ಡ್‌ವಾರು ಎಷ್ಟು ಒಣಕಸ ಬಂತು, ಎಷ್ಟು ಮಾರಾಟವಾಯಿತು, ಎಷ್ಟು ಗುಂಡಿಗೆ ಹೋಯಿತು ಎಂಬುದನ್ನು ಕೇಂದ್ರದ ಗೋಡೆಯ ಮೇಲೆ ಬರೆಸಿ.

ಇಂತಿ,
ಒಣಕಸ ವಿಂಗಡಣೆಯನ್ನು ಬಲ್ಲ ನಾಗರಿಕರು