ನೀಕ್ಯಾಪ್ ಹಗ್ಗದ ಮೇಲೇ ಉಳಿದಿದೆ

ಪುಟ್ಟಿ,

ನೀನು ಸ್ಟೇಷನ್ನಿಗೆ ಹೋದ ಮೇಲೆ ಹಿತ್ತಲಿಗೆ ಹೋದೆ. ಬಟ್ಟೆ ಹಗ್ಗದ ಮೇಲೆ ನಿನ್ನ ನೀಕ್ಯಾಪ್ ಇತ್ತು, ಎಡಗಾಲಿನದು. ಇನ್ನೂ ಹಸಿ. ಹೊಲಿಗೆ ಬಿಟ್ಟ ಕಡೆ ನೀನೇ ಕೆಂಪು ದಾರ ಹಾಕಿದ್ದೀಯ. ಅದನ್ನು ಕಳಿಸುವ ನೆಪದಲ್ಲಿ ಈ ಪತ್ರ. ಮೆಸೇಜ್ ಹಾಕಿದರೆ ನೋಡಿ ಸುಮ್ಮನಿರುತ್ತೀಯ, ಗೊತ್ತು.

ನೀನು ಫುಟ್‌ಬಾಲ್ ಕ್ಲಬ್ಬಿಗೆ ಹೋಗುವ ಬಗ್ಗೆ ನಿನ್ನೆ ರಾತ್ರಿ ಆದ ಜಗಳದ ಮಾತು ಬೇಡ. ನಿನಗೂ ಗೊತ್ತು, ನನಗೂ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು. ಆದರೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಒಂದು ಮಾತಂದೆಯಲ್ಲ, "ಅಪ್ಪ, ಫತೋರ್ಡಾ ಸ್ಟೇಡಿಯಂ ಬಗ್ಗೆ ನಿಂಗೇನು ಗೊತ್ತು?" ಅಂತ. ಅದಕ್ಕೆ ಉತ್ತರ ಹೇಳದೆ ನಿದ್ದೆ ಬರುವುದಿಲ್ಲ.

1989ರ ಅಕ್ಟೋಬರ್ 25, ಬುಧವಾರ. ನನಗೆ 17 ವರ್ಷ. ಗೋವಾದ ಮಡಗಾಂವ್‌ನಲ್ಲಿ ಆ ಸ್ಟೇಡಿಯಂ ಶುರುವಾದದ್ದೇ ಆ ವರ್ಷ. ಫುಟ್‌ಬಾಲ್ ಹುಚ್ಚಿನ ಊರು, ಆದರೆ ಅವತ್ತು ಅಲ್ಲಿ ಕ್ರಿಕೆಟ್. ನೆಹರು ಹುಟ್ಟಿ ನೂರು ವರ್ಷ ಅಂತ ನೆಹರು ಕಪ್ ನಡೆಸಿದ್ದರು. ಅಲನ್ ಬಾರ್ಡರ್‌ನ ಆಸ್ಟ್ರೇಲಿಯಾ, ರಣತುಂಗನ ಶ್ರೀಲಂಕಾ. ಕಾಲೇಜಿಗೆ ಅಂತ ಹೊರಟವನು ಅಜ್ಜಿಯ ಮೆಂತ್ಯದ ಡಬ್ಬಿಗೆ ಕೈ ಹಾಕಿ ಮಡಗಾಂವ್ ಬಸ್ ಹತ್ತಿದೆ. ಆಗ ರೈಲೆಲ್ಲಿತ್ತು? ಪೋಳೆಂ ಚೆಕ್‌ಪೋಸ್ಟ್, ಕಾಣಕೋಣ, ಕರಮಲ ಘಾಟ್, ದಾರಿಯುದ್ದಕ್ಕೂ ನಿಂತೇ ಹೋದೆ.

ಆಟ ಮುಗಿಯುವ ಮುಂಚೆಯೇ ಬಸ್ಸಿಗೆ ಅಂತ ಎದ್ದು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಜಾತ್ರೆ. ಕೊನೆಗೆ ಒಂದು ಮೀನಿನ ಲಾರಿ ಸಿಕ್ಕಿತು. ಹಿಂದೆ ಖಾಲಿ ಬುಟ್ಟಿಗಳ ನಡುವೆ ಕೂತೆ, ಐಸ್ ನೀರಿಗೆ ಪ್ಯಾಂಟು ಒದ್ದೆ. ನಮ್ಮ ಕಾರವಾರದ ಕಾಳಿ ನದಿಯ ಸೇತುವೆ ದಾಟುವಾಗ ರಾತ್ರಿ ಹನ್ನೊಂದು ಆಗಿತ್ತು. ಕೋಡಿಬಾಗದ ತುದಿಯಲ್ಲಿ ಒಂದು ಟಾರ್ಚು. ಅಜ್ಜ.

ಯಾರು ಸುದ್ದಿ ಹೇಳಿದರೋ ಗೊತ್ತಿಲ್ಲ. ಸಂಜೆಯಿಂದ ನಿಂತಿದ್ದರಂತೆ. ಬರುವ ಒಂದೊಂದು ಗಾಡಿಗೂ ಟಾರ್ಚ್ ಬಿಟ್ಟು ನೋಡುತ್ತಿದ್ದರಂತೆ. ಹೊಡೆಯುತ್ತಾರೆ ಅಂದುಕೊಂಡೆ. ಮನೆ ಬರುವವರೆಗೆ ಒಂದು ಮಾತಿಲ್ಲ. ಅಂಗಳದಲ್ಲಿ ಕಾಲಿಗೆ ನೀರು ಹಾಕಿಕೊಳ್ಳುವಾಗ ಕೇಳಿದರು, "ಯಾರು ಗೆದ್ದರು?" ನನಗೆ ಗೊತ್ತಿರಲಿಲ್ಲ! ಗೆದ್ದದ್ದು ಆಸ್ಟ್ರೇಲಿಯಾ ಅಂತ ಆಮೇಲೆ ಪೇಪರಿನಲ್ಲಿ ಓದಿದೆ. ಅಜ್ಜನಿಗೆ ಹೇಳಲೇ ಇಲ್ಲ. ನಾಚಿಕೆ.

ಅವರು ನಿಂತಿದ್ದ ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ನದಿಗೆ ಬಿತ್ತಲ್ಲ, ಒಂದು ಲಾರಿಯೂ ಬಿದ್ದು ಚಾಲಕನನ್ನು ಎತ್ತಿ ಉಳಿಸಿದರಲ್ಲ, ಅವತ್ತಿನಿಂದ ನನಗೆ ಆ ಟಾರ್ಚೇ ಕಣ್ಣ ಮುಂದೆ. ಇವತ್ತು ನಿನ್ನ ರೈಲು ಕಾಳಿ ದಾಟಿತು ಅನ್ನುವ ಹೊತ್ತಿಗೆ ಸುಮ್ನೆ ಗಡಿಯಾರ ನೋಡುತ್ತಾ ಕೂತಿದ್ದೆ. ರೈಲಿನ ಸೇತುವೆ ಬೇರೆ, ಗೊತ್ತು. ಆದರೂ.

ಆಮೇಲಿನ ಫತೋರ್ಡಾ ನಿನಗೇ ಜಾಸ್ತಿ ಗೊತ್ತು. ಅಲ್ಲಿ ಕೊನೆಯ ಒಂದು ದಿನದ ಅಂತಾರಾಷ್ಟ್ರೀಯ ಕ್ರಿಕೆಟ್ ಪಂದ್ಯ 2007ರ ಫೆಬ್ರುವರಿಯಲ್ಲಿ. 2014ರಿಂದ ಎಫ್‌ಸಿ ಗೋವಾ ಫುಟ್‌ಬಾಲ್ ತಂಡದ ಮನೆ. 2022ರ ದೀಪಾವಳಿ ಪಾಡ್ಯದ ದಿನ ನಾವಿಬ್ಬರೂ ಹೋದದ್ದು ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ್ದು ಒಂದೇ. 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಕೊಲಂಬಿಯಾ-ನೈಜೀರಿಯಾ ಹುಡುಗಿಯರ ಪೆನಾಲ್ಟಿ ನಡೆಯುವಾಗ ನಾನು ಮೈದಾನ ನೋಡುತ್ತಿರಲಿಲ್ಲ, ನಿನ್ನ ಬಲಗಾಲು ನೋಡುತ್ತಿದ್ದೆ. ಒಂದೊಂದು ಕಿಕ್ಕಿಗೂ ಅದು ತಾನಾಗಿಯೇ ಮುಂದೆ ಹೋಗುತ್ತಿತ್ತು. ಅವತ್ತೇ ನನಗೆ ಅರ್ಥ ಆಗಿತ್ತು. ಅರ್ಥ ಆಗಿಯೂ ನಿನ್ನೆ ಹಾಗೆ ಮಾತಾಡಿದೆ. ತಪ್ಪು ನನ್ನದೇ.

ಆದರೆ ಡಿಗ್ರಿ ಬಿಡಬೇಡ. ಒಂದು ವರ್ಷ ಅಂದರೆ ಒಂದೇ ವರ್ಷ. ಕ್ಲಬ್ಬಿನವರು ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕಬೇಡ, ಫೋಟೊ ತೆಗೆದು ಕಳಿಸು. ಮೊಣಕಾಲು ನೋವಾದರೆ ಆಟ ನಿಲ್ಲಿಸು, ಬೈದರೆ ಬೈಯಲಿ. ಕಾಲು ಹೋದ ಮೇಲೆ ಯಾವ ಕ್ಲಬ್ಬೂ ಕೇಳುವುದಿಲ್ಲ. ಇಲ್ಲಿ ಮಾಲಾದೇವಿ ಮೈದಾನದಲ್ಲಿ ಆಡಿದ ಎಷ್ಟು ಹುಡುಗರು ಹೀಗೆ... ನೋಡು, ಮತ್ತೆ ಶುರು ಮಾಡಿದೆ. ಆಯಿ ಹಿಂದಿನಿಂದ ಓದಿ ನಗುತ್ತಿದ್ದಾಳೆ.

ನೀಕ್ಯಾಪ್ ಇಸ್ತ್ರಿ ಪೆಟ್ಟಿಗೆಯ ಪಕ್ಕ ಒಣಗಲು ಇಟ್ಟಿದ್ದೇನೆ. ನಾಳೆ ಬೆಳಗ್ಗೆ ಮಡಗಾಂವ್‌ಗೆ ಕೆಲಸಕ್ಕೆ ಹೋಗುವ ಹುಡುಗನ ಕೈಲಿ ಈ ಪತ್ರ, ಅದು, ಒಣ ಸಿಗಡಿ ಚಟ್ನಿ ಮೂರೂ ಬರುತ್ತವೆ. ರವಿವಾರ ನಾನೇ ಬರುತ್ತೇನೆ. ಗೇಟಿನ ಹೊರಗೆ ನಿಂತಿರುತ್ತೇನೆ. ಪ್ರಾಕ್ಟೀಸ್ ಎಷ್ಟು ಹೊತ್ತಾದರೂ ಆಗಲಿ, ಅವಸರ ಮಾಡಬೇಡ.

ಅಪ್ಪ