ಮೇಷ್ಟ್ರ ಗಂಟಿನ ಹಗ್ಗ

ಮೈಸೂರು
ಭಾನುವಾರ ರಾತ್ರಿ

ಪುಟ್ಟೀ,

ಮೇಷ್ಟ್ರು ಸೈಲೆಂಟ್ ಕೀ ಆದ, ಅಂದರೆ ತೀರಿಕೊಂಡ, ಸುದ್ದಿ ನಿನಗೆ ನಮ್ಮ ಹ್ಯಾಮ್ ರೇಡಿಯೋ ಕ್ಲಬ್ಬಿನ ಗ್ರೂಪಿನಿಂದ ಗೊತ್ತಾಯಿತು. ನಾನೇ ಹೇಳಬೇಕಿತ್ತು, ಹೇಳಲಿಲ್ಲ, ಅದು ನನ್ನ ತಪ್ಪು. ಗುರುವಾರ ಬೆಳಗ್ಗೆ ಎರಡು ಸಲ ಫೋನ್ ಕೈಗೆತ್ತಿಕೊಂಡು ಇಟ್ಟುಬಿಟ್ಟೆ. ಕಳೆದ ಭಾನುವಾರ ನಿನ್ನ ಆಂಟೆನಾ ಕಂಬದ ವಿಷಯಕ್ಕೆ ನಾವಿಬ್ಬರೂ ಫೋನಿನಲ್ಲಿ ಮಾತು ಮುಗಿಸಿದ ರೀತಿ ಹಾಗಿತ್ತು.

ಇವತ್ತು ಬೆಳಗ್ಗೆ ಕ್ಲಬ್ಬಿನವರೆಲ್ಲ ರೇಡಿಯೋದಲ್ಲಿ ಸೇರುವ ನೆಟ್‌ನಲ್ಲಿ ಒಂದು ನಿಮಿಷ ಯಾರೂ ಮೈಕ್ ಒತ್ತಲಿಲ್ಲ. 7 ಮೆಗಾಹರ್ಟ್ಸ್‌ನಲ್ಲಿ ಬರೀ ಗೊರಗೊರ. ಆಮೇಲೆ ತಾರ್ ಆಫೀಸಿನ ಮಾವ ಮೋರ್ಸ್‌ನಲ್ಲಿ ಮೇಷ್ಟ್ರ ಕಾಲ್‌ಸೈನ್, ಅಂದರೆ ರೇಡಿಯೋ ಹೆಸರು, ಕಳಿಸಿ, ದಿ ದಿ ದಿ ದಾ ದಿ ದಾ, ಮಾತು ಮುಗಿಯಿತು, ಅಂತ ಮುಗಿಸಿದರು. 2013ರ ಜುಲೈನಲ್ಲಿ ತಾರ್ ಸೇವೆ ನಿಂತ ದಿನವೂ ನಡುಗದ ಕೈ ಅದು. ಇವತ್ತು ಕೊನೆಯ ದಾ ಸ್ವಲ್ಪ ಉದ್ದವಾಯಿತು.

ಮೇಷ್ಟ್ರ ಮನೆ ಜಗಲಿ, ಫೀಲ್ಡ್ ಡೇ, ನೀನು ಮೊದಲ ಸಲ ನೆಟ್ ನಡೆಸಿದ್ದು, ಇದನ್ನೆಲ್ಲ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ಅವರ ಮನೆಯವರು ರೇಡಿಯೋ ಸಾಮಾನನ್ನೆಲ್ಲ ಕ್ಲಬ್ಬಿಗೆ ಕೊಟ್ಟರು. ಒಂದು ಪೆಟ್ಟಿಗೆಯ ಮೇಲೆ ಮಾತ್ರ ಟೇಪ್ ಅಂಟಿಸಿ ನಿನ್ನ ಕಾಲ್‌ಸೈನ್ ಬರೆದಿಟ್ಟಿದ್ದರು. ನಾಳೆ ಬಸ್ಸಿನ ಪಾರ್ಸಲ್‌ಗೆ ಹಾಕುತ್ತೇನೆ, ಮಡಿಕೇರಿ ಸ್ಟ್ಯಾಂಡಿನಲ್ಲಿ ಬಿಡಿಸಿಕೋ. ಒಳಗೆ ಅವರು ಕಟ್ಟಿದ ಬಿಟೆಕ್ಸ್ ರೇಡಿಯೋ ಸೆಟ್ ಇದೆ, ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಡಿಸೈನು, 40 ಮೀಟರ್ ಬ್ಯಾಂಡಿಗೆ, ಅಂದರೆ 7 ಮೆಗಾಹರ್ಟ್ಸ್‌ಗೆ, ಹೊಂದಿಸಿದ್ದು. ಕಾಯಿಲ್‌ಗಳನ್ನು ನಲ್ಲಿಯ ವಾಷರ್ ಮೇಲೆ ಸುತ್ತಿ ಮೇಣ ಹಾಕಿ ಕೂರಿಸಿದ್ದಾರೆ. ಮುಚ್ಚಳ ತೆಗೆದಾಗ ಬೆರಳಲ್ಲಿ ಅವನ್ನು ಸರಿಸಬೇಡ, ಫ್ರೀಕ್ವೆನ್ಸಿ ಓಡಿಬಿಡುತ್ತದೆ. ಐಆರ್‌ಎಫ್510 ಪವರ್ ಟ್ರಾನ್ಸಿಸ್ಟರಿನ ಲೋಹದ ಬೆನ್ನು ಕರೆಂಟ್ ಬರುವ ಡ್ರೈನ್ ಕಾಲಿಗೇ ಸೇರಿದ್ದು. ಬಸ್ಸಿನ ಕುಲುಕಾಟಕ್ಕೆ ಅದರ ಕೆಳಗಿನ ಅಭ್ರಕದ ಹಾಳೆ ಜಾರಿದ್ದರೆ ಹೀಟ್‌ಸಿಂಕ್ ಮೂಲಕ ನೇರ ಶಾರ್ಟ್, ಅದಕ್ಕೆ ಕರೆಂಟ್ ಕೊಡುವ ಮೊದಲೇ ಮೀಟರ್ ಇಟ್ಟು ನೋಡು. ಅದರ ಕರೆಂಟ್ ಹೊಂದಿಸುವ ಬಯಾಸ್ ಪ್ರಿಸೆಟ್ ಪೂರ್ತಿ ಕಡಿಮೆಗೆ ತಿರುಗಿಸಿ, ಆಂಟೆನಾ ಬದಲಿಗೆ ಡಮ್ಮಿ ಲೋಡ್ ಹಾಕಿ, ಮಾತಾಡದೆ ಮೈಕಿನ ಪಿಟಿಟಿ ಗುಂಡಿ ಒತ್ತಿ ಆಗಿನ ಕರೆಂಟ್ ಬರೆದುಕೋ. ನಿಧಾನವಾಗಿ ತಿರುಗಿಸುತ್ತ ಅದಕ್ಕಿಂತ 80 ಮಿಲಿಆಂಪ್ ಹೆಚ್ಚಾದ ಕೂಡಲೇ ನಿಲ್ಲಿಸು. ಡಮ್ಮಿ ಲೋಡೂ ಪೆಟ್ಟಿಗೆಯಲ್ಲೇ ಇದೆ: 1 ಕಿಲೋಓಮಿನ, 2 ವ್ಯಾಟಿನ ಇಪ್ಪತ್ತು ಕಾರ್ಬನ್ ರೆಸಿಸ್ಟರ್ ಪ್ಯಾರಲಲ್, 50 ಓಮ್. ಒಂದು ಸುಟ್ಟುಹೋದರೆ ವೈರ್‌ವೂಂಡ್ ತಂದು ಹಾಕಬೇಡ, ಅದು ಒಳಗೊಳಗೇ ಕಾಯಿಲ್.

ಇನ್ನೊಂದು, ಅವರ ಗಂಟಿನ ಹಗ್ಗ. ಬಿಳಿ ನೈಲಾನ್, 25 ಮೀಟರ್, ಮೀಟರಿಗೊಂದು ಗಂಟು, ಐದನೆಯದಕ್ಕೆಲ್ಲ ಕೆಂಪು ದಾರ. ಮೊದಲ ಐದಾರು ಗಂಟು ಅವರ ಕೈಯ ಬೆವರಿಗೆ ಕಂದು ಬಣ್ಣಕ್ಕೆ ತಿರುಗಿವೆ.

ಈ ಹಗ್ಗದ ವಿಷಯಕ್ಕೇ ಪತ್ರ ಬರೆಯುತ್ತಿರುವುದು. ಯಾವ ಜಾಗಕ್ಕೆ ಹೋದರೂ ಮೇಷ್ಟ್ರು ಪೆಟ್ಟಿಗೆ ಬಿಚ್ಚಲು ಬಿಡುತ್ತಿರಲಿಲ್ಲ. ಎಲ್ಲರನ್ನೂ ಕರೆದುಕೊಂಡು ಜಾಗದ ಸುತ್ತ ಒಂದು ಸುತ್ತು ನಡೆದು, ತಲೆಯೆತ್ತಿ ಹೆಚ್ಚು ವೋಲ್ಟಿನ ಎಚ್‌ಟಿ ಕರೆಂಟ್ ಲೈನ್ ಎಲ್ಲಿ, ಕಡಿಮೆಯ ಎಲ್‌ಟಿ ಎಲ್ಲಿ, ಮನೆಗೆ ಬರುವ ಸರ್ವೀಸ್ ವೈರ್ ಎಲ್ಲಿ ಅಂತ ಬೆರಳು ಮಾಡಿ ತೋರಿಸಿ, ಹೊಸ ಹುಡುಗರ ಕೈಲಿ ಹಗ್ಗದ ತುದಿ ಕೊಟ್ಟು ನೆಲದ ಮೇಲೆ ಅಳೆಸುತ್ತಿದ್ದರು. ಕಣ್ಣಂದಾಜು ಒಪ್ಪುತ್ತಿರಲಿಲ್ಲ. ತಂತಿ ಆಕಾಶದ ಎದುರಿಗೆ ಕಾಣುವಾಗ ದೂರ ಗೊತ್ತಾಗುವುದಿಲ್ಲ, ಹತ್ತು ಮೀಟರ್ ಇಪ್ಪತ್ತರ ಹಾಗೆ ಕಾಣುತ್ತದೆ.

ನಿನ್ನ ಮನೆಯ ಹಿಂದಿನ ತೋಟದ ಅಂಚಿನಲ್ಲಿ 11 ಸಾವಿರ ವೋಲ್ಟಿನ ಲೈನ್ ಹೋಗಿದೆ. ಮನೆ ನೋಡಲು ಬಂದಾಗ ನಾನು ಮೊದಲು ನೋಡಿದ್ದೇ ಅದನ್ನು. ಆ ಅಲ್ಯೂಮಿನಿಯಂ ತಂತಿಗೆ ಮೇಲೆ ಏನೂ ಹೊದಿಕೆ ಇರುವುದಿಲ್ಲ. ಕೊಡಗಿನಲ್ಲಿ ಮೆಣಸು ಕೊಯ್ಯುವ ಕಾಲದಲ್ಲಿ ಅಲ್ಯೂಮಿನಿಯಂ ಏಣಿ ಲೈನಿಗೆ ತಗುಲಿ ಸತ್ತವರ ಸುದ್ದಿ ನೀನೂ ಓದುತ್ತೀಯ. ದಿನಾ ಅದೇ ತೋಟದಲ್ಲಿ ಕೆಲಸ ಮಾಡುವವರು ಅವರು, ಲೈನ್ ಇದೆ ಅಂತ ಗೊತ್ತಿದ್ದವರೇ. ಏಣಿ ಭಾರ, ನೆಲ ಇಳಿಜಾರು, ಕಣ್ಣು ಬಳ್ಳಿಯ ಮೇಲೆ, ಅಷ್ಟೇ. ನೀನು ಆಂಟೆನಾ ಕಂಬ ಅಂತ ನಿಲ್ಲಿಸಲಿರುವ ಜಿಐ ಪೈಪು ಆ ಏಣಿಗಿಂತ ಬೇರೆಯಲ್ಲ. ಬಿದಿರಾದರೆ ಪರವಾಗಿಲ್ಲ ಅಂದುಕೊಳ್ಳಬೇಡ, ಮಳೆಗೆ ನೆನೆದ ಬಿದಿರಿನಲ್ಲೂ ಹರಿಯುತ್ತದೆ.

ಅವತ್ತು ಫೋನಿನಲ್ಲಿ ಇದನ್ನೇ ಹೇಳಲು ಹೊರಟವಳು "ಹುಡುಗಿ ನೀನು, ಒಬ್ಬಳೇ ಟೆರೇಸ್ ಹತ್ತಿ ಕಂಬ ನಿಲ್ಲಿಸೋದು ಬೇಡ" ಅಂದುಬಿಟ್ಟೆ. ಆ ಮಾತು ಆಡಬಾರದಿತ್ತು. ನೀನು ಭಾರತಿ ಪ್ರಸಾದ್ ಹೆಸರು ಹೇಳಿ ಬಾಯಿ ಮುಚ್ಚಿಸಿದ್ದು ಸರಿಯಾಗಿಯೇ ಇತ್ತು. 2004ರ ಡಿಸೆಂಬರಿನಲ್ಲಿ ವಿಯು4ಆರ್‌ಬಿಐ ಕಾಲ್‌ಸೈನ್ ಹಿಡಿದು ಪೋರ್ಟ್‌ಬ್ಲೇರ್‌ಗೆ ಹೋಗಿದ್ದು ಅವರು, 26ರ ಸುನಾಮಿಯ ಮೇಲೆ ಅದೇ ಸೆಟ್ಟಿನಲ್ಲಿ ಕೂತು ಬದುಕುಳಿದವರ ಸುದ್ದಿ ಊರೂರಿಗೆ ಮುಟ್ಟಿಸಿದ್ದೂ ಅವರೇ. ಹುಡುಗಿ ಅನ್ನುವುದಕ್ಕೂ ಲೈನಿಗೂ ಸಂಬಂಧವಿಲ್ಲ. ಒಬ್ಬಳೇ ಅನ್ನುವುದಕ್ಕೆ ಇದೆ. ಗಂಡಸರೂ ಒಬ್ಬರೇ ಮಾಡುವ ಕೆಲಸವಲ್ಲ ಅದು. ಕಂಬ ಎತ್ತುವವರ ಕಣ್ಣು ಕಂಬದ ಮೇಲಿರುತ್ತದೆ, ದೂರ ನಿಂತು ಲೈನನ್ನೇ ನೋಡುತ್ತ "ನಿಲ್ಲು" ಅನ್ನಲು ಇನ್ನೊಬ್ಬರು ಬೇಕು. ಕ್ಲಬ್ಬಿನಲ್ಲಿ ಆ ಕೆಲಸ ಮೇಷ್ಟ್ರದೇ ಆಗಿತ್ತು. ಬೇರೆ ಏನೂ ಮುಟ್ಟದೆ ಕೈ ಹಿಂದೆ ಕಟ್ಟಿ ನಿಂತಿರುತ್ತಿದ್ದರು. ಕೆಲಸ ತಪ್ಪಿಸಿಕೊಳ್ಳುತ್ತಾರೆ ಅಂತ ಹೊಸಬರು ಅಂದುಕೊಳ್ಳುತ್ತಿದ್ದರು.

ಆಂಟೆನಾ ಹಾಕಬೇಡ ಅಂತ ನಾನು ಹೇಳುತ್ತಿಲ್ಲ. ಹಾಕು. ನಿನ್ನ ಮನೆ ಇಳಿಜಾರಿನ ಆಚೆ ಮಗ್ಗುಲಲ್ಲಿದೆ, 145 ಮೆಗಾಹರ್ಟ್ಸ್‌ನಲ್ಲಿ ಗುಡ್ಡ ಅಡ್ಡ ಬರುತ್ತದೆ. 40 ಮೀಟರ್ ಬ್ಯಾಂಡಿನ ಡೈಪೋಲ್, ನಡುವೆ ಕೇಬಲ್ ಸೇರುವ ಎರಡು ಕಾಲಿನ ತಂತಿ, ತಗ್ಗಾಗಿ ಕಟ್ಟಿದರೆ ಅಲೆ ನೇರ ಮೇಲಕ್ಕೆ ಹೋಗಿ ಅಯಾನುಗೋಲಕ್ಕೆ ಬಡಿದು ಸುತ್ತಮುತ್ತ ಇನ್ನೂರು ಮುನ್ನೂರು ಕಿಲೋಮೀಟರಿಗೆ ಛತ್ರಿಯ ಹಾಗೆ ಇಳಿಯುತ್ತದೆ. ಗುಡ್ಡ ಲೆಕ್ಕಕ್ಕೇ ಬರುವುದಿಲ್ಲ. ಹಗಲು ಮೈಸೂರು, ಮಂಗಳೂರು ಎರಡೂ ಸಿಗಬೇಕು. ಸಂಜೆಯಾದ ಮೇಲೆ ಹತ್ತಿರದವರು ಮಾಯವಾಗಿ ದೂರದವರು ಕೇಳಿದರೆ ಸೆಟ್ ಕೆಟ್ಟಿತು ಅಂತ ಬಿಚ್ಚಬೇಡ. ಇದಕ್ಕೆ ಆರೇಳು ಮೀಟರ್ ಎತ್ತರ ಸಾಕು, ಕಂಬ ಎತ್ತರವಾದಷ್ಟೂ ಒಳ್ಳೆಯದು ಅನ್ನುವ ಮಾತು ಇಲ್ಲಿ ಹೊಂದುವುದಿಲ್ಲ.

ತಂತಿಯ ಉದ್ದಕ್ಕೆ 143ನ್ನು ಮೆಗಾಹರ್ಟ್ಸ್ ಲೆಕ್ಕದ 7.1ರಿಂದ ಭಾಗಿಸಿದರೆ ಒಟ್ಟು 20.14 ಮೀಟರ್, ಕಾಲಿಗೆ ಹತ್ತು ಚಿಲ್ಲರೆ. ಆದರೆ ನೀನು ಹಾಕುವುದು ಮನೆ ವೈರಿಂಗಿನ ಒಂದೂವರೆ ಎಂಎಂ ವೈರು. ಪಿವಿಸಿ ಹೊದಿಕೆಯಿಂದ ಉದ್ದ ಶೇಕಡಾ ಮೂರರಷ್ಟು ಕಡಿಮೆ ಸಾಕಾಗುತ್ತದೆ, 9.8ರ ಆಸುಪಾಸಿಗೆ ಬಂದು ನಿಲ್ಲುತ್ತದೆ. 10.3ಕ್ಕೆ ಕತ್ತರಿಸು. ಆಮೇಲೆ ಕತ್ತರಿ ಮುಟ್ಟಬೇಡ, ತುದಿಯನ್ನು ಹಿಂದಕ್ಕೆ ಮಡಚಿ ಅದೇ ತಂತಿಗೆ ಬಿಗಿಯಾಗಿ ಸುತ್ತು. ಎರಡೂ ಕಡೆ ಹತ್ತು ಸೆಂಟಿಮೀಟರ್ ಮಡಚಿದರೆ ಫ್ರೀಕ್ವೆನ್ಸಿ ಸುಮಾರು 70 ಕಿಲೋಹರ್ಟ್ಸ್ ಮೇಲಕ್ಕೆ ಹೋಗುತ್ತದೆ. ಮಧ್ಯದಲ್ಲಿ ಐದೂವರೆ ಮೀಟರ್ ಆರ್‌ಜಿ58 ಕೇಬಲ್ಲನ್ನು ನಾಲ್ಕು ಲೀಟರಿನ ಪೇಂಟ್ ಡಬ್ಬಿಗೆ ಹತ್ತು ಸುತ್ತು ಸುತ್ತಿ, ಡಬ್ಬಿ ಎಳೆದು ತೆಗೆದು ಟೈ ಹಾಕಿ ಬಿಗಿ, ಚೋಕ್ ಆಯಿತು. ಅದಿಲ್ಲದೆ ಕೇಬಲ್ ಮುಟ್ಟಿದಾಗಲೆಲ್ಲ ಎಸ್‌ಡಬ್ಲ್ಯುಆರ್, ಆಂಟೆನಾ ಎಷ್ಟು ಪವರನ್ನು ಹಿಂದಕ್ಕೆ ತಳ್ಳುತ್ತದೆ ಅನ್ನುವ ಅಳತೆ, ಕುಣಿಯುತ್ತದೆ.

ಕನೆಕ್ಟರ್ ಬೆಸುಗೆಗೆ ನಿನ್ನ 25 ವ್ಯಾಟಿನ ಐರನ್ ಸಾಲದು. ಪಿಎಲ್259ರ ಮೈಯೇ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ, ಸೀಸ ಮುತ್ತಿನ ಹಾಗೆ ಮೇಲೆ ಕೂರುತ್ತದೆ, ಅಂಟಿಕೊಂಡಿರುವುದಿಲ್ಲ. 60ರದ್ದು ತಗೊಂಡು ಬೇಗ ಮುಗಿಸು, ತಡಮಾಡಿದರೆ ಒಳಗಿನ ಬಿಳಿ ಪ್ಲಾಸ್ಟಿಕ್ ಕರಗಿ ನಡುವಿನ ತಂತಿ ಹೊರಗಿನ ತಾಮ್ರದ ಹೆಣಿಗೆಗೆ ತಗುಲುತ್ತದೆ. ಮಡಿಕೇರಿ ಮಳೆ ಮೈಸೂರಿನ ಮಳೆಯಲ್ಲ ಮಗಳೇ. ಮಧ್ಯದ ಜೋಡಣೆಗೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ ಎಳೆದೆಳೆದು ಸುತ್ತು, ಕೇಬಲ್ ಕಿಟಕಿಗೆ ಬರುವ ಮೊದಲು ಕೆಳಕ್ಕೊಂದು ಬಾಗು ಬಿಡು, ನೀರು ಅಲ್ಲೇ ತೊಟ್ಟಿಕ್ಕಲಿ. ಒಂದು ಸಲ ನೀರು ಹೆಣಿಗೆಗೆ ಇಳಿದರೆ ದೀಪದ ಬತ್ತಿಯ ಹಾಗೆ ಮೀಟರುಗಟ್ಟಲೆ ಏರುತ್ತದೆ, ತಾಮ್ರ ಕಪ್ಪಾಗುತ್ತದೆ. ಆಗ ಎಸ್‌ಡಬ್ಲ್ಯುಆರ್ ಕೆಡುವ ಬದಲು ಚೆನ್ನಾಗಿ ಕಾಣಿಸುತ್ತದೆ. ಬ್ಯಾಂಡಿನ ಈ ತುದಿಯಿಂದ ಆ ತುದಿಗೆ ಮುಳ್ಳು ಅಲ್ಲಾಡದೆ ನಿಂತಿದ್ದರೆ ಸಂಶಯಪಡು, ಪವರ್ ಕೇಬಲ್ಲಿನಲ್ಲೇ ಬಿಸಿಯಾಗಿ ಹೋಗುತ್ತಿರುತ್ತದೆ.

ಒಂದು ತುದಿಯನ್ನು ಸಿಲ್ವರ್ ಓಕಿಗೆ ಕಟ್ಟುತ್ತೇನೆ ಅಂದೆ. ಆ ಮರದ ರೆಂಬೆ ಗಾಳಿಗೆ ಚಟ್ ಅಂತ ಮುರಿಯುತ್ತದೆ, ಕಾಂಡದ ಹತ್ತಿರದ ದಪ್ಪ ಕವಲನ್ನೇ ಆರಿಸು. ಪೆಟ್ಟಿಗೆಯಲ್ಲಿರುವ ರಾಟೆ ಹಾಕಿ, ಹಗ್ಗದ ಕೊನೆಗೆ ಐದು ಲೀಟರಿನ ಕ್ಯಾನ್ ಕಟ್ಟಿ ಮುಕ್ಕಾಲು ಭಾಗಕ್ಕಿಂತ ಕಡಿಮೆ ನೀರು ತುಂಬು. ಮರ ತೂಗಿದಾಗ ಕ್ಯಾನ್ ಏರಿಳಿಯುತ್ತದೆ, ತಂತಿ ತುಂಡಾಗುವುದಿಲ್ಲ. ಮರಕ್ಕೆ ದಾರ ಎಸೆಯುವಾಗ ಲೈನಿಗೆ ಬೆನ್ನು ಮಾಡಿ ನಿಂತು ಎಸೆ. ಕಲ್ಲು ಮರ ದಾಟಿ ಎಲ್ಲಿಗೆ ಬೀಳುತ್ತದೆ ಅನ್ನುವುದನ್ನು ಮೊದಲು ಯೋಚಿಸು. ಆಂಟೆನಾ ತಂತಿಯನ್ನೇ ಎಂದೂ ಎಸೆಯಬೇಡ. ಒದ್ದೆ ದಾರವೂ ತಂತಿಯೇ.

ಮತ್ತೆ ಅಲ್ಲಿಗೇ ಬಂದೆ. ಬರದೆ ಇರಲು ಆಗುತ್ತಿಲ್ಲ. ಲೆಕ್ಕ ಹೇಳುತ್ತೇನೆ ಕೇಳು. ನಿನ್ನ ಟೆರೇಸ್ ಮೂರೂವರೆ ಮೀಟರ್, ಪೈಪ್ ನಾಲ್ಕು, ಒಟ್ಟು ಏಳೂವರೆ. ಎತ್ತರದ ಒಂದೂವರೆ ಪಟ್ಟು ದೂರ ಇರಲಿ ಅನ್ನುತ್ತಾರೆ, ಹನ್ನೊಂದು ಹನ್ನೆರಡು ಮೀಟರ್ ಆಯಿತು. ಮೇಷ್ಟ್ರಿಗೆ ಅದು ಸಾಲುತ್ತಿರಲಿಲ್ಲ. ಕಂಬ ಲೈನಿನ ಕಡೆಗೇ ಬಿದ್ದು, ತುದಿಯ ಹಗ್ಗವೂ ಕಿತ್ತುಹೋಗಿ, ಹತ್ತು ಮೀಟರ್ ತಂತಿ ಮುಂದಕ್ಕೆ ಚಾಚಿದರೆ ಹದಿನೇಳೂವರೆ. ಅದಕ್ಕೇ ಕಂಬದ ಬುಡದಿಂದ, ಲೈನಿನ ನೇರ ಕೆಳಗಿನ ನೆಲಕ್ಕೆ, ಇಪ್ಪತ್ತು ಗಂಟು. ಹತ್ತೊಂಬತ್ತು ಬಂದರೆ ಕಂಬ ಮನೆಯ ಮುಂದಿನ ಮೂಲೆಗೆ ಹೋಗಲಿ. ತಂತಿ ಲೈನಿನ ಮೇಲೂ ಹಾಯಬಾರದು, ಕೆಳಗೂ ಹಾಯಬಾರದು, ತುದಿ ಅದರ ಕಡೆಗೆ ಮುಖ ಮಾಡಲೂ ಬಾರದು. ಸಮಾನಾಂತರವಾಗಿ ಎಳೆದರೆ ಲೈನಿನ ಗೊರಗೊರ ಹೆಚ್ಚು ಕೇಳುತ್ತದೆ. ಕೇಳಲಿ. ಪಿವಿಸಿ ಹೊದಿಕೆ ಇದೆಯಲ್ಲ ಅನ್ನಬೇಡ, 11 ಸಾವಿರಕ್ಕೆ ಅದು ಕಾಗದ. ಏನಾದರೂ ಲೈನಿಗೆ ಸಿಕ್ಕಿಕೊಂಡರೆ ಎಳೆಯಬೇಡ, ಕೈಬಿಟ್ಟು ಎರಡೂ ಪಾದ ಜೋಡಿಸಿ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ದೂರ ಸರಿದು 1912ಕ್ಕೆ ಫೋನ್ ಮಾಡು. ರೇಡಿಯೋ ಹೋದರೆ ಹೋಗಲಿ.

ಸಿಡಿಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಕೆಲಸಕ್ಕೆ ಹೊರಡುವಾಗಲೇ ಕೇಬಲ್ ಕಿತ್ತು ತುದಿಯನ್ನು ಕಿಟಕಿಯ ಹೊರಗೆ ಹಾಕು, ಪವರ್ ಸಪ್ಲೈ ಪ್ಲಗ್ಗೂ ತೆಗೆ. ಗುಡುಗು ಕೇಳಿದ ಮೇಲೆ ಓಡಿಬಂದು ಕೀಳುವುದು ಬೇಡ.

ಮಳೆಗಾಲಕ್ಕೆ 42 ಆಂಪಿಯರ್ ಅವರ್ ಬ್ಯಾಟರಿ ಸಾಕು. ದೊಡ್ಡ ಸೆಟ್ ಕೇಳುವಾಗ 1 ಆಂಪ್, 20 ವ್ಯಾಟಿಗೆ ಇಳಿಸಿ ಮಾತಾಡುವಾಗ 8 ಅಂತ ಇಟ್ಟುಕೊಂಡರೂ, ಗಂಟೆಗೆ ಹತ್ತು ನಿಮಿಷ ಮಾತಾಡಿದರೆ ಎರಡು ಚಿಲ್ಲರೆ. ಅರ್ಧಕ್ಕಿಂತ ಕೆಳಗೆ ಇಳಿಸದೆ ಒಂಬತ್ತು ಗಂಟೆ ಬರುತ್ತದೆ. 2018ರ ಆಗಸ್ಟಿನಲ್ಲಿ ಅಲ್ಲಿ ಗುಡ್ಡ ಕುಸಿದದ್ದು ನೆನಪಿದೆಯಲ್ಲ. ಲೈಸೆನ್ಸಿನಲ್ಲಿ ವಿಳಾಸ ಬದಲಾಯಿಸುವ ಅರ್ಜಿಯನ್ನು ಮುಂದೂಡಬೇಡ.

ಪೆಟ್ಟಿಗೆಯ ತಳದಲ್ಲಿ ಅವರ ಲಾಗ್ ಪುಸ್ತಕ ಇದೆ. 2005ರ ಮೇ 5ಕ್ಕೆ ಹ್ಯಾಮ್‌ಸ್ಯಾಟ್ ಉಪಗ್ರಹ ಹಾರಿದಾಗಿನಿಂದ 2014ರ ಜುಲೈನಲ್ಲಿ ಅದು ಸುಮ್ಮನಾಗುವವರೆಗೆ, ಕೇಳಿದ ಪಾಸ್‌ಗಳನ್ನೆಲ್ಲ ಬರೆದಿದ್ದಾರೆ, ಎಲ್ಲ ಯುಟಿಸಿ ಸಮಯದಲ್ಲಿ. ಕೊನೆಯ ಕೆಲವು ಹಾಳೆಯಲ್ಲಿ ನೀನು ನೆಟ್ ನಡೆಸಿದ ದಿನಗಳ ಎದುರಿಗೆ ನಿನ್ನ ಸಿಗ್ನಲ್ ರಿಪೋರ್ಟ್ ಇದೆ. ಒಂದು ದಿನವೂ 59 ಅಂತ ಪೂರ್ತಿ ಅಂಕ ಧರ್ಮಕ್ಕೆ ಕೊಟ್ಟಿಲ್ಲ, 57, 55 ಅಂತ ಕೇಳಿದ್ದನ್ನೇ ಬರೆದಿದ್ದಾರೆ. ಒಂದು ಕಡೆ ಮಾತ್ರ ಅಂಚಿನಲ್ಲಿ "ಹುಡುಗಿ ಅವಸರ ಮಾಡಲಿಲ್ಲ" ಅಂತ ಪೆನ್ಸಿಲ್ಲಿನಲ್ಲಿದೆ. ಅದನ್ನು ನಾನು ಎಷ್ಟು ಸಲ ಓದಿದೆನೋ.

ಬುಧವಾರ ರಜೆ ಹಾಕಿದ್ದೇನೆ. ನೀನು ಬೇಡ ಅನ್ನದಿದ್ದರೆ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಟೆರೇಸ್ ಹತ್ತುವುದು, ಕಟ್ಟುವುದು ಎಲ್ಲ ನಿನ್ನದೇ. ನಾನು ಲೈನ್ ನೋಡುತ್ತ ಕೆಳಗೆ ನಿಂತಿರುತ್ತೇನೆ. ಹಗ್ಗದ ಇನ್ನೊಂದು ತುದಿ ಹಿಡಿಯಲೂ ಒಬ್ಬರು ಬೇಕಲ್ಲ.

ಅಮ್ಮ