ಹಂಪಿ ಸರಿ, ‘ಕಾನ್‌ಸ್ಟೆಂಟ್’ ಎಲ್ಲಿ ಹೋಯಿತು?

ಮೈಸೂರು

ಚಿ. ಚೈತ್ರಾಳಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಪತ್ರ ಬಂತು. ರಾತ್ರಿ ಊಟ ಆದ ಮೇಲೆ ನಾಲ್ಕೈದು ಜನ ಹುಡುಗಿಯರು ಸೇರಿ ಇಂಗ್ಲಿಷ್ ಪೇಪರಿನ ಕ್ರಿಪ್ಟಿಕ್ ಕ್ರಾಸ್‌ವರ್ಡ್, ಅಂದರೆ ಒಗಟಿನಂಥ ಸುಳಿವುಗಳ ಪದಬಂಧ, ಬಿಡಿಸುತ್ತೀರಿ, ಹೊಸಬರಿಗೆ ನೀನೇ ಹೇಳಿಕೊಡುತ್ತೀಯ ಅಂತ ಓದಿ ಬಹಳ ಖುಷಿಯಾಯಿತು. ಆದರೆ ಕೊನೆಯಲ್ಲಿ ನೀನು ಬರೆದ ಒಂದು ವಿಷಯ ಮನಸ್ಸಿನಲ್ಲೇ ಉಳಿಯಿತು. ನಾನು ಕಳಿಸಿದ ಪುಟ್ಟ ಕ್ರಾಸ್‌ವರ್ಡಿನಲ್ಲಿ ಒಂದು ಸುಳಿವಿಗೆ ನೀನು ಹಂಪಿ ಅಂತ ಬರೆದೆ. ನಿನ್ನ ರೂಮ್‌ಮೇಟ್ ‘ಇಲ್ಲಿ ಕಾನ್‌ಸ್ಟೆಂಟ್ ಅನ್ನೋ ಪದ ಯಾಕಿದೆ?’ ಅಂತ ಕೇಳಿದಳು. ‘ಅದು ಗೊತ್ತಿಲ್ಲ, ಉತ್ತರ ಸರಿ ಇದೆ ಅಲ್ವಾ’ ಅಂದೆಯಂತೆ. ಮಾರನೇ ದಿನ ಅವಳು ಬರಲಿಲ್ಲವಂತೆ.

ಅವಳು ಕೇಳಿದ್ದು ಸರಿಯಾದ ಪ್ರಶ್ನೆ ಚೈತ್ರಾ. ಅವಳನ್ನು ಮತ್ತೆ ಕರೆ. ಕರೆಯುವ ಮೊದಲು ಈ ಪತ್ರ ಓದಿಕೋ.

ಆ ಸುಳಿವನ್ನೇ ತೆಗೆದುಕೊಳ್ಳೋಣ. ‘ಬ್ಯಾಡ್ ಆಕ್ಟರ್ಸ್ ಕಾನ್‌ಸ್ಟೆಂಟ್ ರೂಯಿನ್ಸ್ (5)’. ಕೊನೆಯ ಅಂಕಿ ಉತ್ತರದಲ್ಲಿ ಎಷ್ಟು ಅಕ್ಷರ ಅಂತ ಹೇಳುತ್ತದೆ. ಸುಮ್ನೆ ಓದಿಕೊಂಡು ಹೋದರೆ ಯಾರೋ ಕೆಟ್ಟ ನಟ ಏನನ್ನೋ ಹಾಳುಮಾಡುತ್ತಿದ್ದಾನೆ ಅನ್ನಿಸುತ್ತದೆ. ಹಾಗೆ ಅನ್ನಿಸಲಿ ಅಂತಲೇ ಬರೆದದ್ದು. ಕ್ರಿಪ್ಟಿಕ್ ಸುಳಿವಿನಲ್ಲಿ ಎರಡು ಭಾಗ ಇರುತ್ತವೆ. ಒಂದು, ಉತ್ತರದ ಅರ್ಥ. ಇನ್ನೊಂದು, ಅದೇ ಉತ್ತರವನ್ನು ಅಕ್ಷರ ಜೋಡಿಸಿ ಕಟ್ಟುವ ಆಟ. ಅರ್ಥದ ಭಾಗ ಹೆಚ್ಚುಕಡಿಮೆ ಯಾವಾಗಲೂ ಸುಳಿವಿನ ಶುರುವಿನಲ್ಲಿ ಅಥವಾ ಕೊನೆಯಲ್ಲಿ ಇರುತ್ತದೆ. ಇಲ್ಲಿ ಅದು ಕೊನೆಯ ಪದ. ಓದುವಾಗ ‘ರೂಯಿನ್ಸ್’ ಅಂದರೆ ಹಾಳುಮಾಡುತ್ತಾನೆ. ಬಿಡಿಸುವಾಗ ಅದು ಪಾಳುಬಿದ್ದ ಊರು.

ಉಳಿದದ್ದೆಲ್ಲ ಆಟ. ಬ್ಯಾಡ್ ಆಕ್ಟರ್ ಅಂದರೆ ‘ಹ್ಯಾಮ್’, ಅತಿಯಾಗಿ ನಟಿಸುವವನು. ಎಚ್, ಎ, ಎಂ. ಕಾನ್‌ಸ್ಟೆಂಟ್ ಅಂದರೆ ಬದಲಾಗದ ಸಂಖ್ಯೆ, ಇಲ್ಲಿ ಪೈ, ನೀನು ದಿನಾ ಲೆಕ್ಕದಲ್ಲಿ ಬಳಸುವ ಆ 3.14. ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ಪಿ, ಐ. ಎರಡೂ ಸೇರಿದರೆ ಹಂಪಿ. ಆಕ್ಟರ್ ಪಕ್ಕದ ಅಪಾಸ್ಟ್ರಫಿ ಎಸ್ ಕೂಡ ಸುಮ್ನೆ ಬಂದು ಕೂತಿಲ್ಲ. ಅದು ‘ಹ್ಯಾಸ್’. ಹ್ಯಾಮ್ ಹತ್ತಿರ ಪೈ ಇದೆ ಅಂತ ಹೇಳುತ್ತಿದೆ.

ಎಂಜಿನಿಯರಿಂಗ್ ಓದುವ ಹುಡುಗಿಗೆ ಪೈ ಹೊಳೆಯಲಿಲ್ಲ ಅಂತ ನನಗೆ ಬೇಜಾರಿಲ್ಲ. ನೀನು ಹುಡುಕಲೇ ಇಲ್ಲ, ಅದು ಬೇಜಾರು. ಅಡ್ಡ ಹಾಯುವ ಪದಗಳಿಂದ ಒಂದೆರಡು ಅಕ್ಷರ ಸಿಕ್ಕಿತು, ಪಾಳು ಊರು ಅಂದರೆ ಹಂಪಿ ಅಂತ ಹೊಳೆಯಿತು, ಬರೆದುಬಿಟ್ಟೆ. ಊಹೆ ಮಾಡುವುದು ತಪ್ಪಲ್ಲ. ಊಹೆ ಇಲ್ಲದೆ ಯಾರೂ ಕ್ರಾಸ್‌ವರ್ಡ್ ಮುಗಿಸುವುದಿಲ್ಲ. ಆದರೆ ಕಾರಣ ಹೇಳಲು ಬಾರದ ಉತ್ತರ ಇನ್ನೂ ಅರ್ಧ ದಾರಿಯಲ್ಲಿದೆ ಅಂತ ತಿಳಿ. ಚೌಕ ತುಂಬಿದೆ ಅಷ್ಟೇ, ಸುಳಿವು ಬಿಡಿಸಿಲ್ಲ.

ನಿನಗೆ ವೇಗದ ಮೇಲೆ ಜಾಸ್ತಿ ಆಸೆ ಅಂತ ಗೊತ್ತು. ಯುದ್ಧದ ಕಾಲದ ಒಂದು ಸಂಗತಿ ಹೇಳುತ್ತೇನೆ. 1942ರ ಜನವರಿಯಲ್ಲಿ ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆ ಒಂದು ಪೈಪೋಟಿ ಇಟ್ಟಿತು. 12 ನಿಮಿಷದೊಳಗೆ ಕ್ರಾಸ್‌ವರ್ಡ್ ಮುಗಿಸಬೇಕು. ಅದರಲ್ಲಿ ಭಾಗವಹಿಸಿದ ಕೆಲವರಿಗೆ ಆಮೇಲೆ ಸರ್ಕಾರದಿಂದ ಪತ್ರ ಬಂತು. ಅವರು ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನರ ಗುಪ್ತ ಸಂದೇಶ ಒಡೆಯುವ ಕೆಲಸಕ್ಕೆ ಸೇರಿದರು. ಈ ಕಥೆ ಹೇಳುವವರೆಲ್ಲ 12 ನಿಮಿಷದ ಬಗ್ಗೆಯೇ ಮಾತಾಡುತ್ತಾರೆ. ಬ್ಲೆಚ್ಲಿಯಲ್ಲಿ ಮುಂದೇನು ಮಾಡುತ್ತಿದ್ದರು ನೋಡು. ಸಂದೇಶದಲ್ಲಿ ಇಂಥ ಪದ ಇರಬಹುದು ಅಂತ ಮೊದಲು ಊಹಿಸುತ್ತಿದ್ದರು. ಆಮೇಲೆ ಆ ಊಹೆಯನ್ನು ಬಾಂಬ್ ಅಂತ ಕರೆಯುತ್ತಿದ್ದ ಯಂತ್ರದಲ್ಲಿ ಹಾಕಿ ಪರೀಕ್ಷೆ ಮಾಡುತ್ತಿದ್ದರು. ಪರೀಕ್ಷೆಯಲ್ಲಿ ನಿಲ್ಲದ ಊಹೆಯನ್ನು ಬಿಟ್ಟುಬಿಡುತ್ತಿದ್ದರು. ನಿನಗೆ ಆ ಯಂತ್ರದ ಕೆಲಸ ಮಾಡಿಕೊಡುವುದು ಸುಳಿವಿನ ಆಟದ ಭಾಗ.

ಹಾಗಾಗಿ ಒಂದು ಅಭ್ಯಾಸ ಮಾಡಿಕೋ. ಪೆನ್ಸಿಲಿನಲ್ಲಿ ಬರೆ. ಕಾರಣ ಪೂರ್ತಿ ಸಿಗದ ಉತ್ತರದ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕು. ಎಲ್ಲ ಮುಗಿದ ಮೇಲೆ ಆ ಚಿಹ್ನೆಗಳ ಹತ್ತಿರ ವಾಪಸ್ ಹೋಗು. ನನ್ನ ಅನುಭವದಲ್ಲಿ ಹೊಸದನ್ನು ಕಲಿಯುವುದು ಅಲ್ಲೇ. ಥಟ್ಟನೆ ಬಿಡಿಸಿದ ಸುಳಿವು ನಿನಗೆ ಗೊತ್ತಿದ್ದನ್ನೇ ಮತ್ತೆ ಹೇಳುತ್ತದೆ.

ಇನ್ನು ಬೇರೆಯವರಿಗೆ ಹೇಳಿಕೊಡುವ ವಿಷಯ. ಇಲ್ಲಿ ನಿನ್ನ ಜೊತೆ ಸ್ವಲ್ಪ ಜಗಳ ಆಡಬೇಕು. ನೀನು ಮೊದಲು ಉತ್ತರ ಹೇಳಿ ಆಮೇಲೆ ಕಾರಣ ಹೇಳುತ್ತೀಯ. ಉತ್ತರ ಕಿವಿಗೆ ಬಿದ್ದ ಕೂಡಲೇ ಎದುರಿಗಿರುವವರ ತಲೆ ಕೆಲಸ ನಿಲ್ಲಿಸುತ್ತದೆ. ಅವರು ನಿನ್ನ ಜಾಣತನ ನೋಡುತ್ತಾರೆ, ಸುಳಿವನ್ನು ನೋಡುವುದಿಲ್ಲ. ಅದರ ಬದಲು ಮೊದಲು ಅರ್ಥದ ಭಾಗ ಯಾವುದು ಅಂತ ಮಾತ್ರ ಹೇಳು. ಆಮೇಲೆ ಸುಮ್ಮನಿರು. ಈ ಸುಮ್ಮನಿರುವುದು ಕಷ್ಟ, ಆದರೂ ಇರು. ಅವರಿಗೆ ಆಗಲಿಲ್ಲ ಅಂದರೆ ಯಾವ ಬಗೆಯ ಆಟ ಅಂತ ಹೇಳು: ಅಕ್ಷರ ಕಲಸಿದ್ದಾರೋ, ತಿರುಗಿಸಿದ್ದಾರೋ, ಒಂದರ ಒಳಗೆ ಇನ್ನೊಂದನ್ನು ಸೇರಿಸಿದ್ದಾರೋ. ಕೊನೆಯ ಹೆಜ್ಜೆ ಅವರೇ ಇಡಲಿ.

ಹಳೆಯ ಪ್ರಸಿದ್ಧ ಸುಳಿವೊಂದಿದೆ. ಬರೀ ಎಂಟು ಅಕ್ಷರ: ಎಚ್, ಐ, ಜೆ, ಕೆ, ಎಲ್, ಎಂ, ಎನ್, ಓ. ಉತ್ತರಕ್ಕೆ 5 ಮನೆ. ಇದನ್ನು ನಿನ್ನ ಗುಂಪಿಗೆ ಕೊಡು. ‘ಈ ಸಾಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಿ’ ಅಂತ ಮಾತ್ರ ಕೇಳು. ಯಾರೋ ಒಬ್ಬಳು ‘ಎಚ್ ಟು ಓ’ ಅನ್ನುತ್ತಾಳೆ. ಆಗ ಅವಳ ಮುಖ ನೋಡು. ವಾಟರ್ ಅಂತ ನೀನು ಹೇಳುವ ಅಗತ್ಯವೇ ಬರುವುದಿಲ್ಲ.

ನಾನೇ ಮಾಡಿದ ಇನ್ನೊಂದು, ಹೊಸಬರಿಗೆ ಒಳ್ಳೆಯದು: ‘ಎ ಪೀಸ್ ಆಫ್ ಟರ್ಫ್ ಟರ್ನ್ಡ್ ಓವರ್ ಫಾರ್ ಬ್ರೇಕ್‌ಫಾಸ್ಟ್ (4)’. ಹುಲ್ಲಿನ ಹೆಂಟೆಗೆ ಇಂಗ್ಲಿಷಿನಲ್ಲಿ ‘ಸಾಡ್’ ಅನ್ನುತ್ತಾರೆ: ಎಸ್, ಓ, ಡಿ. ಮುಂದೆ ಎ ಸೇರಿಸಿ ಪೂರ್ತಿ ತಿರುಗಿಸಿದರೆ ಡಿ, ಓ, ಎಸ್, ಎ. ದೋಸೆ! ಕಾವಲಿಯ ಮೇಲೆ ಅದನ್ನೂ ತಿರುಗಿಸುತ್ತೇವಲ್ಲ, ಅದಕ್ಕೇ ನನಗೆ ಈ ಸುಳಿವು ಇಷ್ಟ.

ಬಿಡಿಸಿ ಹೇಳುವಾಗ ಸುಳಿವಿನ ಪ್ರತಿ ಪದಕ್ಕೂ ಲೆಕ್ಕ ಒಪ್ಪಿಸು. ಇದು ನನ್ನ ಹಠ ಅಲ್ಲ. 1939ರಿಂದ ಅಬ್ಸರ್ವರ್ ಪತ್ರಿಕೆಗೆ ಕ್ರಾಸ್‌ವರ್ಡ್ ಮಾಡುತ್ತಿದ್ದ ಕ್ಸಿಮೆನೀಸ್ ಅನ್ನುವ ಗುಪ್ತನಾಮದವರು ಕಟ್ಟಿದ ಶಿಸ್ತು. ಖಚಿತವಾದ ಅರ್ಥ ಇರಬೇಕು, ನ್ಯಾಯವಾದ ಆಟ ಇರಬೇಕು, ಅದರಾಚೆ ಏನೂ ಇರಬಾರದು ಅಂತ ಅವರ ನಂತರ ಬಂದ ಅಜೆಡ್ ಅದನ್ನು ಚಿಕ್ಕದಾಗಿ ಹೇಳಿದರು. ಅಫ್ರಿಟ್ ಅನ್ನುವ ಇನ್ನೊಬ್ಬ ಕ್ರಾಸ್‌ವರ್ಡ್ ಮಾಡುವವರ ಮಾತು ನನಗೆ ಇನ್ನೂ ಹಿಡಿಸುತ್ತದೆ. ಸುಳಿವು ಬರೆಯುವವನು ಹೇಳಿದ್ದೇ ಅವನ ಮನಸ್ಸಿನಲ್ಲಿ ಇರಬೇಕು ಅಂತಿಲ್ಲ, ಆದರೆ ಮನಸ್ಸಿನಲ್ಲಿ ಇರುವುದನ್ನು ಹೇಳಲೇಬೇಕು. ದಾರಿ ತಪ್ಪಿಸಬಹುದು, ಮೋಸ ಮಾಡಬಾರದು. ಬರೆಯುವವರು ಇಷ್ಟು ಕಟ್ಟುನಿಟ್ಟಾಗಿ ಬರೆದಿರುವಾಗ ಬಿಡಿಸುವ ನಾವು ‘ಏನೋ ಒಂದು’ ಅಂತ ಒಂದು ಪದವನ್ನು ಹಾಗೇ ಬಿಟ್ಟುಬಿಡುವುದು ಸರಿಯಲ್ಲ.

ಎಲ್ಲರೂ ಕ್ಸಿಮೆನೀಸ್ ದಾರಿಯವರಲ್ಲ, ಅದೂ ನಿನಗೆ ಗೊತ್ತಿರಲಿ. ಗಾರ್ಡಿಯನ್ ಪತ್ರಿಕೆಗೆ ಕ್ರಾಸ್‌ವರ್ಡ್ ಮಾಡುತ್ತಿದ್ದ ಅರಕೇರಿಯಾ ಸ್ವಲ್ಪ ಸಡಿಲ, ಆದರೆ ತುಂಬಾ ದೊಡ್ಡ ಮನಸ್ಸಿನವರು. ನಿಜವಾದ ಹೆಸರು ಜಾನ್ ಗ್ರಹಾಂ, ಪಾದ್ರಿಯಾಗಿದ್ದವರು. 2013ರ ಜನವರಿಯಲ್ಲಿ, 91ನೇ ವಯಸ್ಸಿನಲ್ಲಿ, ತಮಗೆ ಕ್ಯಾನ್ಸರ್ ಆಗಿರುವುದನ್ನು ಅವರು ಓದುಗರಿಗೆ ತಿಳಿಸಿದ್ದು ಒಂದು ಕ್ರಾಸ್‌ವರ್ಡಿನ ಮೂಲಕ. ‘ಅರಕೇರಿಯಾಗೆ ಇಂಥ ಮನೆಯ ಇಂಥದ್ದು ಆಗಿದೆ’ ಅಂತ ಮೇಲೆ ಒಂದು ಸಾಲು. ಬರೀ ಸುಳಿವಿನ ಅಂಕಿಗಳು. ಒಂದೊಂದೇ ಬಿಡಿಸುತ್ತಾ ಹೋದವರಿಗೆ ಕ್ಯಾನ್ಸರ್, ಅನ್ನನಾಳ, ಕೊನೆಗಾಲದ ಆರೈಕೆ ಅಂತ ತಾವೇ ಬರೆದ ಅಕ್ಷರಗಳಲ್ಲಿ ಸುದ್ದಿ ತಿಳಿಯಿತು. ಅದೇ ವರ್ಷ ನವೆಂಬರಿನಲ್ಲಿ ಅವರು ತೀರಿಕೊಂಡರು. ನಾನು ಇದನ್ನು ಓದಿದಾಗಿನಿಂದ ಯಾವ ಸುಳಿವನ್ನೂ ಯಂತ್ರದ ಹಾಗೆ ನೋಡಲು ಆಗಿಲ್ಲ. ಆ ಕಡೆ ಒಬ್ಬ ಮನುಷ್ಯ ಕೂತು ನಿನ್ನ ಜೊತೆ ಮಾತಾಡುತ್ತಿದ್ದಾನೆ. ಒಂದು ಪದ ಬಿಟ್ಟರೆ ಅವನ ಮಾತಿನಲ್ಲಿ ಒಂದು ಪದ ಕೇಳಿಸಿಕೊಳ್ಳಲಿಲ್ಲ ಅಂತಲೇ ಅರ್ಥ.

ನಮ್ಮ ಕಡೆಯೂ ಅಂಥವರಿದ್ದರು. ದಿ ಹಿಂದೂ ಪತ್ರಿಕೆಯ ಕ್ರಾಸ್‌ವರ್ಡನ್ನು ಮೊದಲ ವರ್ಷಗಳಲ್ಲಿ ಮಾಡುತ್ತಿದ್ದವರು ಅಡ್ಮಿರಲ್ ರಾಮ್ ದಾಸ್ ಕಟಾರಿ, ನಮ್ಮ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರು. ಇಂಗ್ಲಿಷರ ಆಟವನ್ನು ಇಲ್ಲಿ ಕೂತು ಮಾಡುವುದು ಅಂದರೆ ಸುಮ್ಮನೆ ಅಲ್ಲ.

ಆ ಆಟದ ತುಂಬ ಅವರ ದೇಶದ ಸಂಗತಿಗಳೇ ಇವೆ. ನಿನ್ನ ಗೆಳತಿಯರು ಸೋಲುವುದು ಹೆಚ್ಚಾಗಿ ಅಲ್ಲಿ. ಸುಳಿವಿನಲ್ಲಿ ‘ಸ್ಯಾಪರ್ಸ್’ ಅಂದರೆ ಆರ್, ಇ ಅಂತ ನೀನು ಬಾಯಿಪಾಠ ಮಾಡಿದ್ದೀಯ. ಅವರಿಗೂ ಹಾಗೇ ಬಾಯಿಪಾಠ ಮಾಡಿಸಬೇಡ. ಸ್ಯಾಪರ್ ಅಂದರೆ ಸೇತುವೆ ಕಟ್ಟುವ, ಸುರಂಗ ತೋಡುವ ಸೈನಿಕ. ಬ್ರಿಟಿಷ್ ಸೇನೆಯಲ್ಲಿ ಆ ಪಡೆಯ ಹೆಸರು ರಾಯಲ್ ಎಂಜಿನಿಯರ್ಸ್, ಅದರ ಮೊದಲ ಅಕ್ಷರಗಳೇ ಆರ್, ಇ. ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆಯಲ್ಲ, ಅವರನ್ನು ಇವತ್ತಿಗೂ ಮದ್ರಾಸ್ ಸ್ಯಾಪರ್ಸ್ ಅನ್ನುತ್ತಾರೆ. ಇಷ್ಟು ಹೇಳಿದರೆ ಯಾರೂ ಮರೆಯುವುದಿಲ್ಲ. ಕ್ರಿಕೆಟ್ ಇನ್ನೂ ಸುಲಭ. ಡಕ್ ಅಂದರೆ ಸೊನ್ನೆ, ಅಂದರೆ ಓ. ಮೇಡನ್ ಓವರ್‌ಗೆ ಸ್ಕೋರ್ ಪುಸ್ತಕದಲ್ಲಿ ಎಂ. ಲೆಗ್ ಅಂದರೆ ಆನ್ ಸೈಡ್, ಅಂದರೆ ಓ, ಎನ್. ಕ್ರಿಕೆಟ್ ನೋಡದ ಹುಡುಗಿ ಇದ್ದರೆ ‘ಇಷ್ಟೂ ಗೊತ್ತಿಲ್ವಾ’ ಅಂತ ಮಾತ್ರ ಅನ್ನಬೇಡ. ‘ಇದು ಸುಲಭ’ ಅನ್ನುವ ಮಾತನ್ನೂ ಬಿಡು. ಬಿಡಿಸಲು ಆಗದೆ ಕೂತವರಿಗೆ ಅದರಷ್ಟು ಚುಚ್ಚುವ ಮಾತು ಬೇರೆ ಇಲ್ಲ.

ಸಮಯ ಸಿಕ್ಕಾಗ ಕನ್ನಡದಲ್ಲೂ ಕೈ ಆಡಿಸು. ನಮ್ಮ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ, ಒತ್ತು ಗುಣಿತ ಎಲ್ಲ ಸೇರಿ. ಹಾಗಾಗಿ ತಿರುಗಿಸುವ ಆಟದ ರುಚಿಯೇ ಬೇರೆ. ವಾಲ್ಮೀಕಿ ‘ಮರಾ ಮರಾ’ ಅನ್ನುತ್ತಾ ಅನ್ನುತ್ತಾ ಅದೇ ‘ರಾಮ’ ಆದ ಕಥೆ ನಿಮ್ಮಜ್ಜಿ ಹೇಳುತ್ತಿದ್ದರಲ್ಲ, ಅದೇ. ‘ತಿರುಗಿಸಿದರೂ ಬದಲಾಗದ ಚಿನ್ನ (3)’ ಅಂದರೆ ಕನಕ ಅಂತ ನೀನು ಒಂದು ಕ್ಷಣದಲ್ಲಿ ಹೇಳುತ್ತೀಯ. ಅದನ್ನು ಕನ್ನಡ ಬರುವ ಗೆಳತಿಗೆ ಉತ್ತರ ಹೇಳದೆ ವಿವರಿಸಿ ನೋಡು. ಬೆಡಗಿನ ವಚನಗಳಿಗೆ ಸಾಲು ಸಾಲಾಗಿ ವ್ಯಾಖ್ಯಾನ ಬರೆದವರು ನಮ್ಮಲ್ಲಿ ಎಷ್ಟೋ ಜನ. ಒಗಟಿನಂಥ ಮಾತಿನ ಒಂದೊಂದು ಪದವನ್ನೂ ಹಿಡಿದು ಇದು ಇದಕ್ಕೆ ಅಂತ ತೋರಿಸುತ್ತಾ ಹೋದರು. ಆ ತಾಳ್ಮೆ ನಿನಗೂ ಬರಲಿ ಅನ್ನುವುದು ನನ್ನ ಆಸೆ.

ಒಂದೊಂದು ಸಲ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಆಗ ‘ಇದರ ಆಟ ನನಗೆ ಇನ್ನೂ ಸಿಕ್ಕಿಲ್ಲ, ನೀವೂ ಹುಡುಕಿ’ ಅಂತ ಗುಂಪಿಗೆ ಹೇಳು. ಇದರಲ್ಲಿ ನಾಚಿಕೆ ಇಲ್ಲ. ಕಾರಣ ಕಟ್ಟಿ ಹೇಳಬೇಡ. ಪೈ ಅನ್ನುವುದು ಹೊಳೆಯದೆ ‘ಪಿ ಅಂದರೆ ಪರ್ಮನೆಂಟ್ ಇರಬೇಕು, ಐ ಅಂದರೆ ಇನ್’ ಅಂತ ಏನೋ ಹೊಂದಿಸಿಬಿಟ್ಟರೆ ಹೊಸಬರು ಅದನ್ನೇ ನಂಬಿ ಮುಂದಿನ ಸುಳಿವಿನಲ್ಲಿ ತಡವರಿಸುತ್ತಾರೆ. ಗೊತ್ತಿಲ್ಲ ಅಂದರೆ ಅಂಥ ತೊಂದರೆ ಇಲ್ಲ. ನಿನ್ನ ರೂಮ್‌ಮೇಟ್‌ಗೆ ನೀನು ಗೊತ್ತಿಲ್ಲ ಅಂದದ್ದು ಸರಿಯೇ. ಆಮೇಲೆ ‘ಉತ್ತರ ಸರಿ ಇದೆ ಅಲ್ವಾ’ ಅಂತ ಬಾಗಿಲು ಮುಚ್ಚಿದೆ ನೋಡು, ಅದು ಬೇಡವಾಗಿತ್ತು. ಅವಳಿಗೆ ಹೋಗಿ ಪೈ ತೋರಿಸು. ಅವಳು ಕೇಳಿದ್ದರಿಂದಲೇ ಇದು ಸಿಕ್ಕಿತು ಅಂತಲೂ ಹೇಳು.

ಈ ಸಲದ ಸುಳಿವು: ‘ಕಂಪನಿ ಆರ್ಗನೈಸೇಷನ್ ಕಟ್ ಶಾರ್ಟ್ ಇನ್ ಕಾಫಿ ಕಂಟ್ರಿ (5)’. ನನಗೆ ಉತ್ತರ ಬರೆದು ಕಳಿಸಬೇಡ. ವಿವರಣೆ ಮಾತ್ರ ಬರೆ, ಪ್ರತಿ ಪದಕ್ಕೂ, ನಡುವಿನ ಆ ‘ಇನ್’ಗೂ ಸೇರಿಸಿ. ನಿನ್ನ ವಿವರಣೆ ಓದಿ ನಿಮ್ಮ ಮಾವ ಉತ್ತರ ಹೇಳಬೇಕು. ಅವರು ಈ ಆಟ ಆಡಿದವರಲ್ಲ, ಆದ್ದರಿಂದ ಎಲ್ಲೂ ಹಾರಿಸಬೇಡ.

ನಿಮ್ಮಪ್ಪನಿಗೆ ಭಾನುವಾರ ಫೋನ್ ಮಾಡಲು ಹೇಳು. ಮೈ ಕಡೆ ಜೋಪಾನ.

ಇಂತಿ,
ನಿನ್ನ ಪ್ರೀತಿಯ ಅತ್ತೆ